ಈಸ್ಟರ್ ಭಾನುವಾರಕ್ಕೇ ಮುಗಿಯಿತಾ?

ಪ್ರಶ್ನೆ: ನಲವತ್ತು ದಿನ ಉಪವಾಸ, ಪ್ರಾರ್ಥನೆ ಅಂತ ಕಳೆದೆ. ಈಸ್ಟರ್ ಭಾನುವಾರ ಸಂಭ್ರಮವೋ ಸಂಭ್ರಮ. ಸೋಮವಾರ ಎದ್ದರೆ ಎಲ್ಲಾ ಖಾಲಿ ಖಾಲಿ. ಇಷ್ಟೇನಾ?

ಉತ್ತರ: ಖಂಡಿತ ಅಲ್ಲ. ನೀವು ಮೊದಲ ದಿನಕ್ಕೇ ಹಬ್ಬ ಮುಗಿಸಿಬಿಟ್ಟಿದ್ದೀರಿ. ಈಸ್ಟರ್ ಕಾಲ ಪವಿತ್ರಾತ್ಮ ಇಳಿದುಬಂದ ನೆನಪಿನ ಪೆಂಟೆಕೋಸ್ಟ್ ಹಬ್ಬದವರೆಗೆ, ಅಂದರೆ 50 ದಿನ. ನೀವು ಉಪವಾಸ ಮಾಡಿದ ತಪಸ್ಸು ಕಾಲಕ್ಕಿಂತ ಹತ್ತು ದಿನ ಜಾಸ್ತಿ! 325ರಲ್ಲಿ ಸೇರಿದ ಬಿಷಪರ ನೈಸಿಯ ಮಹಾಸಭೆಯಂತೂ ಈ ದಿನಗಳಲ್ಲಿ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕು ಅಂತ ನಿಯಮ ಮಾಡಿತ್ತು. ಉಪವಾಸಕ್ಕೆ ಅಷ್ಟೊಂದು ಲೆಕ್ಕ ಇಡುವ ನಾವು ಸಂತೋಷಕ್ಕೆ ಮಾತ್ರ ಒಂದೇ ದಿನ ಕೊಡ್ತೀವಿ, ವಿಚಿತ್ರ ಅಲ್ವಾ? ಇನ್ನೂ ಏಳು ವಾರ ಇದೆ. ವಾರಕ್ಕೊಬ್ಬರನ್ನು ನೆನಪಿಸಿಕೊಳ್ಳಿ, ಮಾತು ಬಿಟ್ಟುಹೋದವರು, ಒಂಟಿಯಾಗಿ ಇರುವವರು, ಯಾರಾದರೂ ಸರಿ. ಸುಮ್ನೆ ಹೂವಿನ ಚಿತ್ರ ಫಾರ್ವರ್ಡ್ ಮಾಡಬೇಡಿ. ಫೋನ್ ಮಾಡಿ.

ಪ್ರಶ್ನೆ: ಆಫೀಸಿನಲ್ಲಿ ನಾನೊಬ್ಬಳೇ ಕ್ರೈಸ್ತಳು. ಈ ಖುಷಿ ಹಂಚಿಕೊಳ್ಳೋಣ ಅನಿಸುತ್ತದೆ. ಆದರೆ ಧರ್ಮಪ್ರಚಾರ ಮಾಡ್ತಿದ್ದಾಳೆ ಅಂದುಕೊಂಡರೆ ಅಂತ ಭಯ.

ಉತ್ತರ: ಈ ಭಯ ನಿಮಗಿಂತ ಮುಂಚೆ ಬೇರೆಯವರಿಗೂ ಆಗಿದೆ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ನೋಡಿ. ಯೇಸುವಿನ ಖಾಲಿ ಸಮಾಧಿ ಕಂಡ ಹೆಂಗಸರು ನಡುಗುತ್ತಾ ಓಡಿದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ.

ನನ್ನ ಕಥೆ ಇದಕ್ಕೆ ಉಲ್ಟಾ. ಒಂದು ಸಲ ಸಹೋದ್ಯೋಗಿಯೊಬ್ಬರು "ಹಬ್ಬ ಹೇಗಾಯ್ತು?" ಅಂತ ಕೇಳಿದ್ದೇ ತಡ, ನಾನು ಆದಿಕಾಂಡದಿಂದ ಶುರು ಮಾಡಿ ಶಿಲುಬೆ, ಸಮಾಧಿ, ಪುನರುತ್ಥಾನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾ ಹೋದೆ. ಅವರ ಗಾಡಿ ಕೀ ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹೋಗ್ತಾ ಇತ್ತು. ನಾನು ನೋಡಿದೆ, ಆದರೂ ನಿಲ್ಲಿಸಲಿಲ್ಲ. ಮುಂದಿನ ವರ್ಷ ಅವರು ಕೇಳಲೇ ಇಲ್ಲ.

ಆಮೇಲೆ ಲೂಕನ 24ನೇ ಅಧ್ಯಾಯ ಮತ್ತೆ ಓದಿದೆ. ಎಮ್ಮಾವು ದಾರಿಯಲ್ಲಿ ಇಬ್ಬರು ಮುಖ ಬಾಡಿಸಿಕೊಂಡು ನಡೆಯುತ್ತಿದ್ದಾರೆ, ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರ್ ದಾರಿ. ಎದ್ದುಬಂದ ಯೇಸು ಜೊತೆಗೂಡಿ ಮೊದಲು ಕೇಳಿದ್ದು, ನೀವು ಏನು ಮಾತಾಡಿಕೊಳ್ತಿದ್ದೀರಿ ಅಂತ. ಅವರ ದುಃಖ ಪೂರ್ತಿ ಕೇಳಿಸಿಕೊಂಡ ಮೇಲೇ ತಮ್ಮ ಮಾತು. ಊರು ಹತ್ತಿರ ಬಂದಾಗ ಮುಂದೆ ಹೋಗುವವರ ಹಾಗೆ ಹೊರಟೇಬಿಟ್ಟರು, ಆ ಇಬ್ಬರೇ ಒತ್ತಾಯ ಮಾಡಿ ಉಳಿಸಿಕೊಂಡರು. ಈ "ಮುಂದೆ ಹೋಗುವವರ ಹಾಗೆ" ಅನ್ನೋದು ನನಗೆ ತುಂಬಾ ಇಷ್ಟ. ಕರೆಯದೆ ಒಳಗೆ ಬರಲಿಲ್ಲ.

ಹಾಗಾಗಿ ಹಬ್ಬ ಹೇಗಾಯ್ತು ಅಂದರೆ ಎರಡು ಮಾತಲ್ಲಿ ಹೇಳಿ: "ಚೆನ್ನಾಗಿತ್ತು, ಸಾವೇ ಕೊನೆ ಅಲ್ಲ ಅಂತ ನಂಬುವವರ ಹಬ್ಬ ಅದು." ಮುಂದೆ ಕೇಳಿದರೆ ಹೇಳಿ. ಕೇಳದಿದ್ದರೆ ಅವರ ಮನೆ ಸಮಾಚಾರ ನೀವು ಕೇಳಿ.

ಪ್ರಶ್ನೆ: ಅಮ್ಮ ಹೋಗಿ ಮೂರು ತಿಂಗಳಾಯಿತು. ಎಲ್ಲರೂ ಅಲ್ಲೆಲೂಯ ಹಾಡುವಾಗ ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. ನನ್ನ ನಂಬಿಕೆ ಕಮ್ಮಿಯಾಯಿತಾ?

ಉತ್ತರ: ಇಲ್ಲಮ್ಮ. ಸಮಾಧಿಯ ಹತ್ತಿರ ಅಳುತ್ತಿದ್ದ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಕಣ್ಣಲ್ಲಿ ಎಷ್ಟು ನೀರಿತ್ತೋ, ಎದುರಿಗೆ ನಿಂತ ಯೇಸುವನ್ನೇ ತೋಟದವನು ಅಂದುಕೊಂಡಳು. ಹೆಸರು ಹಿಡಿದು ಕರೆದಾಗಲೇ ಗುರುತು ಸಿಕ್ಕಿದ್ದು. ಮೊದಲ ಈಸ್ಟರ್ ಶುರುವಾಗಿದ್ದೇ ಅಳುವಿನಲ್ಲಿ.

ಮುಂದಿನ ಸಲ ಚರ್ಚಿಗೆ ಹೋದಾಗ ಈಸ್ಟರಿಗೆ ಹಚ್ಚುವ ದೊಡ್ಡ ಪಾಸ್ಖ ಮೇಣದಬತ್ತಿಯ ಹತ್ತಿರ ಹೋಗಿ ನೋಡಿ. ಶಿಲುಬೆಯ ಗುರುತು, ಮೇಲೆ ಗ್ರೀಕಿನ ಮೊದಲ ಅಕ್ಷರ ಆಲ್ಫಾ, ಕೆಳಗೆ ಕೊನೆಯ ಅಕ್ಷರ ಒಮೆಗಾ, ನಡುವೆ ಈ ವರ್ಷದ ನಾಲ್ಕು ಅಂಕಿ. ಅಮ್ಮ ತೀರಿಕೊಂಡ ವರ್ಷವೇ ಅದರಲ್ಲಿ ಬರೆದಿದೆ. ಕಥೋಲಿಕರಲ್ಲಿ ದೀಕ್ಷಾಸ್ನಾನಕ್ಕೂ ಇದೇ ದೀಪ, ಅಂತ್ಯಸಂಸ್ಕಾರದ ಪೂಜೆಯಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲೂ ಇದೇ ದೀಪ. ಈ ವರ್ಷ ನೀವು ಹಾಡದಿದ್ದರೂ ಪರವಾಗಿಲ್ಲ. ಪಕ್ಕದವರು ಹಾಡಲಿ, ನೀವು ಕೇಳಿಸಿಕೊಳ್ಳಿ.

ಪ್ರಶ್ನೆ: ನನ್ನ ಆರ್ಥೊಡಾಕ್ಸ್ ಗೆಳತಿಗೆ ಈಸ್ಟರ್ ಶುಭಾಶಯ ಕಳಿಸಿದರೆ "ನಮ್ಮದು ಇನ್ನೂ ಬಂದಿಲ್ಲ" ಅಂದಳು! ಯಾಕೆ?

ಉತ್ತರ: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆಯ ನಂತರದ ಮೊದಲ ಭಾನುವಾರ ಈಸ್ಟರ್. ಪೂರ್ವದ ಬಹಳಷ್ಟು ಆರ್ಥೊಡಾಕ್ಸ್ ಸಭೆಗಳು ಈ ಲೆಕ್ಕವನ್ನು ಹಳೆಯ ಜೂಲಿಯನ್ ಕ್ಯಾಲೆಂಡರಿನ ಪ್ರಕಾರ ಹಾಕುತ್ತವೆ, ಹಾಗಾಗಿ ದಿನ ಬೇರೆಯಾಗುವುದುಂಟು. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಿದ್ದವು. 2026ರಲ್ಲಿ ನಿಮ್ಮದು ಏಪ್ರಿಲ್ 5, ಅವಳದು 12. ಆವತ್ತು ಇನ್ನೊಂದು ಸಲ ಶುಭಾಶಯ ಹೇಳಿ, ನಿಮ್ಮ ಈಸ್ಟರ್ ಕಾಲವೂ ಆಗ ಇನ್ನೂ ಮುಗಿದಿರುವುದಿಲ್ಲ.