ತೂಕ ಸರಿ ಇದೆ ಅಂತ ಸುಮ್ನೆ ಕೂರಬೇಡಿ, ಮಾಸ್ತರೇ

ಗದಗಿನ ನಿವೃತ್ತ ಗಣಿತ ಶಿಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ನನಗೆ 68 ವರ್ಷ. ತೂಕ 61 ಕಿಲೋ, ಎತ್ತರ 168 ಸೆಂ.ಮೀ. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಬಿಎಂಐ 21.6 ಬರುತ್ತದೆ, ಸರಿಯಾಗೇ ಇದೆ. ಆದರೂ ಆರೋಗ್ಯ ಶಿಬಿರದಲ್ಲಿ ನನ್ನ ಹೊಟ್ಟೆಗೆ ಟೇಪು ಸುತ್ತಿ, 96 ಸೆಂ.ಮೀ. ಅಂತ ಬರೆದುಕೊಂಡು, ಶುಗರ್ ಟೆಸ್ಟ್ ಮಾಡಿಸಿ ಎಂದರು. ನಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇತ್ತು, ನಿಜ. ನನಗೆ ವ್ಯಾಯಾಮದ ರೂಢಿಯೂ ಇಲ್ಲ. ಆದರೆ ತೆಳ್ಳಗಿರುವವರನ್ನೂ ಹೀಗೆ ಹೆದರಿಸಬೇಕೇ? ಟೇಪು ಟೇಲರ್ ಕೈಯಲ್ಲಿರಲಿ, ಡಾಕ್ಟರಿಗೇಕೆ?"

ಮಾಸ್ತರೇ, ಲೆಕ್ಕ ಸರಿಯಾಗಿದೆ. ಅದರಿಂದ ನೀವು ತೆಗೆದ ಅರ್ಥ ಮಾತ್ರ ಸರಿಯಿಲ್ಲ.

ಈ ಸೂತ್ರ ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ವೈದ್ಯರಲ್ಲ. ಅವರು 19ನೇ ಶತಮಾನದ ಖಗೋಳ ಮತ್ತು ಸಂಖ್ಯಾಶಾಸ್ತ್ರದ ಪಂಡಿತರು, ಜನಸಮೂಹದ ಸರಾಸರಿ ಹುಡುಕುತ್ತಿದ್ದರು. ಬಿಎಂಐ ಎಂಬ ಹೆಸರು ಬಂದಿದ್ದೇ 1972ರಲ್ಲಿ. ಇಡೀ ಊರಿನ ಅಂದಾಜು ಬೇಕಾದರೆ, ಅಥವಾ ವಯಸ್ಸಾದವರು ತೂಕ ಕಳೆದುಕೊಳ್ಳುತ್ತಿದ್ದಾರಾ ಅಂತ ನೋಡಬೇಕಾದರೆ ಅದು ಉಪಯೋಗಕ್ಕೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ 61 ಕಿಲೋದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಅನ್ನೋದನ್ನ ತೂಕದ ಮಷೀನು ಹೇಳುವುದಿಲ್ಲ.

2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಕ್ಕಪಕ್ಕ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1. ನಮ್ಮ ಯಾಜ್ಞಿಕರ ಮೈಯಲ್ಲಿ ಶೇ 21.2! ಭಾರತೀಯರ ಮೈಕಟ್ಟಿನ ಗುಟ್ಟು ಅಲ್ಲಿದೆ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಅದಕ್ಕೇ ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ವಯಸ್ಸಾದ ಮೇಲೆ ಈ ಮೋಸ ಇನ್ನೂ ಜಾಸ್ತಿ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. ಮುಪ್ಪಿನಲ್ಲಿ ತೊಡೆ, ತೋಳು ಕರಗುತ್ತವೆ, ಹೊಟ್ಟೆಯೊಳಗೆ, ಲಿವರ್ ಸುತ್ತ ಕೊಬ್ಬು ಸೇರುತ್ತದೆ. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿದರೆ ತೂಕ ಇದ್ದಷ್ಟೇ ಇರುತ್ತದೆ. ಇನ್ನು ಎತ್ತರ. ನಿಮ್ಮ 168 ಯಾವಾಗ ಅಳೆದದ್ದು? ನೌಕರಿಗೆ ಸೇರಿದಾಗಿನದ್ದಾ? ಬೆನ್ನುಮೂಳೆ ಕುಗ್ಗಿ ಅದೂ ಕಡಿಮೆಯಾಗಿರುತ್ತದೆ, ಆಗ ಬಿಎಂಐ ಲೆಕ್ಕವೂ ಬದಲಾಗುತ್ತದೆ.

ನೀವು ಟೇಲರ್ ಅಂದದ್ದು ಒಳ್ಳೇದೇ ಆಯ್ತು. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನಮಗೆ ಅಂಗಿ ಹೊಲಿದುಕೊಡುವ ಹಿರಿಯರೊಬ್ಬರು ಒಮ್ಮೆ ಹೇಳಿದರು: "ಸಾಹೇಬ್ರ, ಹಳೇ ಗಿರಾಕಿಗಳ ಅಳತಿ ಬುಕ್ಕಿನಾಗ ನೋಡ್ರಿ. ಭುಜ ಸಣ್ಣ ಆಗೇತಿ, ತೊಡಿ ಸಣ್ಣ ಆಗೇತಿ, ನಡಾ ಅಷ್ಟ ಬೆಳದೈತಿ." ಎಷ್ಟೋ ದವಾಖಾನೆಗಳ ಫೈಲಿನಲ್ಲಿ ಇಲ್ಲದ ಮಾಹಿತಿ ಆ ಬುಕ್ಕಿನಲ್ಲಿದೆ.

ಲೆಕ್ಕದ ಮಾಸ್ತರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಅಪಾಯ ಎಷ್ಟು ಅಂತ ಅಂದಾಜಿಸಲು ಭಾರತೀಯರಿಗಾಗಿ ಒಂದು ಅಂಕಪಟ್ಟಿ ಮಾಡಿದ್ದಾರೆ. ಅದರಲ್ಲಿ ತೂಕದ ಮಾತೇ ಇಲ್ಲ. 50 ದಾಟಿದ್ದಕ್ಕೆ 30. ನಿಮ್ಮ 96 ಸೆಂ.ಮೀ.ಗೆ 10. ತಾಯಿಗೆ ಇದ್ದದ್ದಕ್ಕೆ 10. ಕೂತೇ ದಿನ ಕಳೆಯುವವರಾದರೆ ಇನ್ನೊಂದು 30. ಒಟ್ಟು 80. ಅರವತ್ತು ಮುಟ್ಟಿದರೇ ಅಪಾಯ ಜಾಸ್ತಿ ಅನ್ನುತ್ತಾರೆ. ಸೊಂಟ ಎತ್ತರದ ಅರ್ಧ ಮೀರಬಾರದು ಎಂಬ ಸುಲಭ ಲೆಕ್ಕದಲ್ಲೂ ನಿಮ್ಮದು 84 ಸೆಂ.ಮೀ. ಒಳಗೆ ಇರಬೇಕಿತ್ತು.

ಹೆದರಬೇಡಿ, ಟೇಪು ರೋಗ ಹೇಳುವುದಿಲ್ಲ, ರಕ್ತಪರೀಕ್ಷೆ ಹೇಳುತ್ತದೆ. ಆದರೆ ಈ ವಾರವೇ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿ.ಗ್ರಾಂ. ಬಂದರೆ ಕಾಯಿಲೆಯ ಗಡಿಯಲ್ಲಿದ್ದೀರಿ, 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ, ಗಡಿಯಲ್ಲಿರುವವರು 13 ಕೋಟಿಗೂ ಮೇಲೆ. ಇವರೆಲ್ಲ ದಪ್ಪ ಇದ್ದಾರೆ ಅಂದುಕೊಂಡಿರಾ?

ನಿಮ್ಮ ಶಿಬಿರದಲ್ಲಿ ಟೇಪು ಹಿಡಿದರಲ್ಲ, ಅದು ನಿಮ್ಮ ಅದೃಷ್ಟ. ಹಾವೇರಿ, ಧಾರವಾಡದ ಕಡೆ ನಾವು ನೋಡಿದ ಎಷ್ಟೋ ಶಿಬಿರಗಳಲ್ಲಿ ತೂಕ, ಬಿಪಿ, ಒಂದು ಗ್ರೂಪ್ ಫೋಟೋ, ಅಷ್ಟೇ. ಹೆಂಗಸರ ಪಾಡಂತೂ ಕೇಳಬೇಡಿ. ಇಳಕಲ್ ಸೀರೆಯುಟ್ಟ ಅಜ್ಜಿಯರು ಸಾಲಾಗಿ ಕೂತಿರುತ್ತಾರೆ. ಅವರ ಸೊಂಟ ಅಳೆಯುವುದೇ ಇಲ್ಲ, ಅಳೆದರೂ ನೆರಿಗೆಯ ಮೇಲೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಬರಿ ಮೈ ಮೇಲೆ, ಉಸಿರು ಬಿಟ್ಟಾಗ ಅಳೆಯಬೇಕು ಎಂಬುದು ಅಲ್ಲಿದ್ದವರಿಗೇ ಗೊತ್ತಿರುವುದಿಲ್ಲ. ವೇದಿಕೆಗೆ, ಶಾಲಿಗೆ, ಹಾರಕ್ಕೆ ದುಡ್ಡು ಇರುತ್ತದೆ. ಒಂದು ಪರದೆ ಕಟ್ಟಿ, ಅಳೆಯಲು ಬಲ್ಲ ಒಬ್ಬ ಹೆಣ್ಣುಮಗಳನ್ನು ಕೂರಿಸಲು ಏನು ಅಡ್ಡಿ? ಮುಂದಿನ ಶಿಬಿರ ನಡೆಸುವವರು ನಮಗೆ ಆಹ್ವಾನ ಪತ್ರಿಕೆ ಕಳಿಸುವಾಗ ಇದಕ್ಕೂ ಉತ್ತರ ಬರೆದು ಕಳಿಸಲಿ, ಅಚ್ಚು ಹಾಕುತ್ತೇವೆ.

– ಸಂಪಾದಕ