ಹಡಗು ಹತ್ತಿದ ಮೇಲೆ ನಷ್ಟ ಯಾರ ತಲೆಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಹಿತ್ತಾಳೆ ಫಿಟ್ಟಿಂಗ್ಸ್ ಮಾಡಿ ಜರ್ಮನಿಗೆ ಒಂದು ಕಂಟೇನರ್ ಕಳಿಸಿದೆವು. ಇನ್ವಾಯ್ಸ್‌ನಲ್ಲಿ 'ಸಿಐಎಫ್ ಹ್ಯಾಂಬರ್ಗ್' (ಅಂದರೆ ಬೆಲೆಯಲ್ಲೇ ಹ್ಯಾಂಬರ್ಗ್‌ವರೆಗಿನ ಬಾಡಿಗೆ, ವಿಮೆ ಸೇರಿದೆ) ಅಂತ ಇತ್ತು. ಅಲ್ಲಿ ಬಾಗಿಲು ತೆಗೆದರೆ ಒಳಗೆ ನೀರು ನುಗ್ಗಿ ಅರ್ಧ ಮಾಲು ಕಲೆಗಟ್ಟಿದೆ. 'ಬಾಡಿಗೆ, ವಿಮೆ ಎರಡೂ ಕಟ್ಟಿದ್ದು ನೀವು, ಹ್ಯಾಂಬರ್ಗ್‌ವರೆಗೆ ಜವಾಬ್ದಾರಿಯೂ ನಿಮ್ಮದೇ' ಅಂತ ಮಾಲು ಕೊಂಡ ಪಾರ್ಟಿ ದುಡ್ಡು ತಡೆದಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ಪೀಣ್ಯ

ಉತ್ತರ: ಸರಿಯಲ್ಲ ಸರ್. ಆದರೆ ಈಗಲೇ ನಿರಾಳ ಆಗಬೇಡಿ.

ಸಿಐಎಫ್‌ನಲ್ಲಿ ಖರ್ಚು ಮುಗಿಯುವ ಜಾಗ ಬೇರೆ, ರಿಸ್ಕ್ ಕೈ ಬದಲಾಗುವ ಜಾಗ ಬೇರೆ. ಹ್ಯಾಂಬರ್ಗ್‌ವರೆಗಿನ ಬಾಡಿಗೆ ನಿಮ್ಮದು, ನಿಜ. ಮಾಲು ಚೆನ್ನೈ ಬಂದರಿನಲ್ಲಿ ಹಡಗು ಹತ್ತಿದ ಮೇಲೆ ಆಗುವ ನಷ್ಟ ಮಾತ್ರ ಕೊಂಡವರದ್ದು. ಪ್ಯಾರಿಸ್‌ನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1936ರಿಂದ ಹೊರತರುತ್ತಿರುವ ಇನ್‌ಕೋಟರ್ಮ್ಸ್ ನಿಯಮಗಳು (ದೇಶದಿಂದ ದೇಶಕ್ಕೆ ಮಾಲು ಮಾರುವಾಗ ಖರ್ಚು, ರಿಸ್ಕ್ ಯಾರದ್ದು ಅಂತ ಹೇಳುವ ಷರತ್ತುಗಳು) ಹೇಳುವುದು ಇದನ್ನೇ. ಈಗ ಬಳಕೆಯಲ್ಲಿರುವುದು 2020ರದ್ದು, ಒಟ್ಟು 11 ಷರತ್ತುಗಳಿವೆ. ನಿಮ್ಮ ಕರಾರಿನಲ್ಲಿ 'ಇನ್‌ಕೋಟರ್ಮ್ಸ್ 2020' ಅಂತ ಬರೆದಿದೆಯಾ, ಮೊದಲು ನೋಡಿ. ಹಣ ಯಾವಾಗ ಕೊಡಬೇಕು, ಮಾಲಿನ ಒಡೆತನ ಯಾವಾಗ ಬದಲಾಗುತ್ತದೆ ಅನ್ನುವುದಕ್ಕೆ ಈ ನಿಯಮಗಳು ಕೈ ಹಾಕುವುದಿಲ್ಲ, ಅದನ್ನು ಕರಾರಿನಲ್ಲೇ ಬರೆದುಕೊಂಡಿರಬೇಕು.

ಇನ್ನು ವಿಮೆ. ಜಗಳ ಶುರುವಾಗಿರುವುದು ಇಲ್ಲಿಂದಲೇ ಅಂತ ನನ್ನ ಅನುಮಾನ. ಸಿಐಎಫ್‌ನಲ್ಲಿ ಮಾರುವವರು ಇನ್ವಾಯ್ಸ್ ಮೊತ್ತದ 110%ಗೆ ವಿಮೆ ಮಾಡಿಸಬೇಕು, ಆದರೆ 'ಕ್ಲಾಸ್ ಸಿ' ಮಟ್ಟದ್ದಾದರೆ ಸಾಕು. ಅದು ತೀರಾ ಕನಿಷ್ಠ ರಕ್ಷಣೆ. ಬೆಂಕಿ, ಹಡಗು ಮುಳುಗುವುದು, ಡಿಕ್ಕಿ, ಇಂಥವಕ್ಕೆ ದುಡ್ಡು ಬರುತ್ತದೆ, ಕಂಟೇನರ್‌ಗೆ ನೀರು ನುಗ್ಗಿದರೆ ಬರುವುದಿಲ್ಲ. ವಿಮೆಯವರು ಕೈ ಎತ್ತಿರಬೇಕು, ಅದಕ್ಕೇ ಪಾರ್ಟಿ ನಿಮ್ಮ ಕಡೆ ತಿರುಗಿರಬಹುದು. ಹೆಚ್ಚುಕಡಿಮೆ ಎಲ್ಲ ಅಪಾಯಕ್ಕೂ ರಕ್ಷಣೆ ಕೊಡುವ 'ಕ್ಲಾಸ್ ಎ' ಬೇಕು ಅಂತ ಅವರು ಮೊದಲೇ ಬರೆಸಿಕೊಂಡಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ.

ನೀವು ಸಿಕ್ಕಿಹಾಕಿಕೊಳ್ಳುವ ಜಾಗಗಳೂ ಇವೆ. ಪ್ಯಾಕಿಂಗ್ ನಿಮ್ಮ ಹೊಣೆ, ಅದು ಕಳಪೆಯಾಗಿದ್ದರೆ ಮಾತು ನಿಲ್ಲುವುದಿಲ್ಲ. ಆಮೇಲೆ, ನೀರು ಎಲ್ಲಿ ನುಗ್ಗಿತು? ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೋ) ರೈಲಿನಲ್ಲಿ ಚೆನ್ನೈಗೆ ಹೋಗಿ, ಅಲ್ಲಿನ ಯಾರ್ಡ್‌ನಲ್ಲಿ ಕಾಯುತ್ತಾ ನಿಂತಿದ್ದಷ್ಟು ಹೊತ್ತೂ ರಿಸ್ಕ್ ನಿಮ್ಮದೇ. ಹಾಗಾಗಿ ನಷ್ಟ ಪರಿಶೀಲಿಸುವ ಸರ್ವೇಯರ್ ರಿಪೋರ್ಟ್ ಕೇಳಿ. ಅವರು ಕಲೆಯ ಮೇಲೆ ಸಿಲ್ವರ್ ನೈಟ್ರೇಟ್ ಹನಿ ಹಾಕುತ್ತಾರೆ. ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪುನೀರು, ಅಂದರೆ ಹೆಚ್ಚಾಗಿ ಸಮುದ್ರದಲ್ಲಿ ಆದದ್ದು. ಬೆಳ್ಳಗಾಗದಿದ್ದರೆ ಮಳೆನೀರು ಇರಬಹುದು, ಆಗ ಯಾರ್ಡ್ ಕಡೆಗೂ ಬೆರಳು ತೋರಿಸುತ್ತಾರೆ.

ಸಮುದ್ರವೇ ಇಲ್ಲದ ಊರಿನವರು ನಾವು, ಆದರೂ ಇಲ್ಲಿ ಯಾರನ್ನು ಕೇಳಿದರೂ ಎಫ್‌ಓಬಿ (ಹಡಗು ಹತ್ತಿಸುವವರೆಗೆ ಮಾತ್ರ ಖರ್ಚು, ರಿಸ್ಕ್ ಮಾರುವವರದ್ದು), ಸಿಐಎಫ್ ಅಂತಲೇ ಅಂತಾರೆ. ಅಭ್ಯಾಸ ಅಷ್ಟೇ. ಕಂಟೇನರ್‌ಗೆ ಅವೆರಡೂ ಒಗ್ಗುವುದಿಲ್ಲ. ಮುಂದಿನ ಸಲ 'ಎಫ್‌ಸಿಎ ವೈಟ್‌ಫೀಲ್ಡ್ ಐಸಿಡಿ' ಅಂತ ಹಾಕಿ, ಅವರು ಹೇಳಿದ ಸಾಗಣೆದಾರರಿಗೆ ಅಲ್ಲಿ ಒಪ್ಪಿಸಿದರೆ ರಿಸ್ಕ್ ಅಲ್ಲಿಗೇ ಮುಗಿಯುತ್ತದೆ. ಬ್ಯಾಂಕಿನವರು ಎಲ್‌ಸಿಗೆ (ಹಣ ಕೊಡುವ ಬಗ್ಗೆ ಬ್ಯಾಂಕಿನ ಖಾತರಿ ಪತ್ರ) ಆನ್‌ಬೋರ್ಡ್ ಬಿಲ್ ಆಫ್ ಲೇಡಿಂಗ್ (ಮಾಲು ಹಡಗು ಹತ್ತಿದೆ ಅನ್ನುವ ರಸೀದಿ) ಕೇಳಿದರೆ, ಅದನ್ನು ಕೊಡಿಸುವಂತೆ ಕೊಳ್ಳುವವರ ಜೊತೆ ಒಪ್ಪಂದ ಮಾಡಿಕೊಳ್ಳಲು 2020ರ ನಿಯಮದಲ್ಲಿ ದಾರಿ ಇದೆ. ಬಾಡಿಗೆ, ವಿಮೆ ನೀವೇ ಕಟ್ಟಬೇಕು ಅಂದರೆ ಸಿಐಪಿ ಹಾಕಿ, ಅದರಲ್ಲಿ 'ಕ್ಲಾಸ್ ಎ' ವಿಮೆ ಕಡ್ಡಾಯ.

ಪ್ರಶ್ನೆ: ಚನ್ನಪಟ್ಟಣದ ಗೊಂಬೆಗಳನ್ನು ಮನೆಯಿಂದಲೇ ಮಾರುತ್ತೇನೆ. ಅಮೆರಿಕದ ಅಂಗಡಿಯವರೊಬ್ಬರು ಡಿಡಿಪಿ ರೇಟ್ ಕೊಡಿ ಅಂತಾರೆ. ನನಗೆ ಎಕ್ಸ್ ವರ್ಕ್ಸ್ ಸುಲಭ ಅನ್ನಿಸುತ್ತದೆ. ಯಾವುದು ವಾಸಿ?
– ಓದುಗರೊಬ್ಬರು, ಜಯನಗರ

ಉತ್ತರ: ಎರಡೂ ಬೇಡ ಮೇಡಂ. ಡಿಡಿಪಿ ಅಂದರೆ ಅಮೆರಿಕದ ಸುಂಕ, ಅಲ್ಲಿನ ಕ್ಲಿಯರೆನ್ಸ್ ಎಲ್ಲ ನಿಮ್ಮ ತಲೆಗೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಅಲ್ಲಿ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿದೆ. ಗೊತ್ತಿಲ್ಲದ ಸುಂಕಕ್ಕೆ ಸುಮ್ನೆ ಈಗಲೇ ರೇಟ್ ಒಪ್ಪಿಕೊಂಡರೆ ಲಾಭ ಅಲ್ಲೇ ಹೋಯ್ತು. ಎಕ್ಸ್ ವರ್ಕ್ಸ್, ಅಂದರೆ ಮಾಲನ್ನು ನಿಮ್ಮ ಬಾಗಿಲಲ್ಲೇ ಒಪ್ಪಿಸುವುದು, ಕೇಳಲು ಸುಲಭ, ಆದರೆ ಅದರಲ್ಲಿ ರಫ್ತು ಕ್ಲಿಯರೆನ್ಸ್ ಕೊಳ್ಳುವವರ ಕೆಲಸ. ಅಮೆರಿಕದವರು ಬೆಂಗಳೂರಿನಲ್ಲಿ ಬಂದು ಅದನ್ನು ಮಾಡಿಸುತ್ತಾರಾ? ಶಿಪ್ಪಿಂಗ್ ಬಿಲ್ಲಿನಲ್ಲಿ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ದಾಖಲೆ) ನಿಮ್ಮ ಹೆಸರೇ ಇಲ್ಲದಿದ್ದರೆ ರಫ್ತು ಮಾಡಿದ್ದಕ್ಕೆ ಜಿಎಸ್‌ಟಿಯವರಿಗೆ, ಬ್ಯಾಂಕಿನವರಿಗೆ ಏನು ತೋರಿಸುತ್ತೀರಿ? ಡಿಎಪಿ ಕೊಡಿ. ಅವರ ಅಂಗಡಿವರೆಗೆ ತಲುಪಿಸುವುದು ನಿಮ್ಮದು, ಇಳಿಸಿಕೊಳ್ಳುವುದು, ಸುಂಕ ಕಟ್ಟುವುದು ಅವರದ್ದು. ದಾರಿಯ ರಿಸ್ಕ್ ನಿಮ್ಮದಾಗಿರುತ್ತದೆ, ವಿಮೆ ಮಾಡಿಸಿ.

ಪ್ರಶ್ನೆ: ಚೀನಾದಿಂದ 'ಎಫ್‌ಓಬಿ ಶೆನ್‌ಜೆನ್' ಲೆಕ್ಕದಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ತರಿಸುತ್ತೇನೆ. ಕಸ್ಟಮ್ಸ್ ಸುಂಕ ಎಫ್‌ಓಬಿ ಬೆಲೆಯ ಮೇಲಷ್ಟೇ ತಾನೇ?
– ಓದುಗರೊಬ್ಬರು, ಎಸ್.ಪಿ. ರಸ್ತೆ

ಉತ್ತರ: ಅಲ್ಲ. ನೀವು ಯಾವ ಷರತ್ತಿನಲ್ಲಿ ಕೊಂಡರೂ ಬಾಡಿಗೆ, ವಿಮೆ ಸೇರಿಸಿದ ಬೆಲೆಯ ಮೇಲೇ ನಮ್ಮ ಕಸ್ಟಮ್ಸ್ ಲೆಕ್ಕ ಹಾಕುವುದು. ಎರಡಕ್ಕೂ ದಾಖಲೆ ಸಿಗದಿದ್ದರೆ 2007ರ ಮೌಲ್ಯಮಾಪನ ನಿಯಮದಂತೆ ಎಫ್‌ಓಬಿಯ 20% ಬಾಡಿಗೆ, 1.125% ವಿಮೆ ಅಂತ ಸೇರಿಸುತ್ತಾರೆ. ಒಂದು ಲಕ್ಷದ ಮಾಲು 1,21,125 ರೂಪಾಯಿ ಆಗುತ್ತದೆ. ಹಡಗಿನಲ್ಲಿ ನಿಜವಾದ ಬಾಡಿಗೆ ಕಡಿಮೆ ಇದ್ದರೆ ಆ ಬಿಲ್ ತೋರಿಸಿ, ಸುಂಕ ಇಳಿಯುತ್ತದೆ. ವಿಮಾನದಲ್ಲಿ ತರಿಸಿದರೆ ಬಾಡಿಗೆ ಎಷ್ಟೇ ಜಾಸ್ತಿ ಇದ್ದರೂ 20% ಮೀರಿ ಸೇರಿಸುವಂತಿಲ್ಲ.