ಗರ್ಭಕೋಶದ ಕ್ಷಯದ ನಂತರ ಗರ್ಭಧಾರಣೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಬಯಾಪ್ಸಿಯಲ್ಲಿ (ಅಂಗಾಂಶದ ಚೂರಿನ ಪರೀಕ್ಷೆ) ಗರ್ಭಕೋಶದ ಕ್ಷಯ ದೃಢಪಟ್ಟು, 6 ತಿಂಗಳ ಮಾತ್ರೆಗಳು ಮುಗಿಯುತ್ತ ಬಂದಿರುವಾಗ, ಸಹಜವಾಗಿ ಮಗುವಾಗುವುದೇ ಅಥವಾ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದಲ್ಲಿ ಇರಿಸುವ ಚಿಕಿತ್ಸೆ) ಬೇಕೇ ಎಂದು ಕೇಳಿದ್ದೀರಿ.

ಕ್ಷಯದ ರೋಗಾಣು ಸಾಮಾನ್ಯವಾಗಿ ಶ್ವಾಸಕೋಶದಿಂದ ರಕ್ತದ ಮೂಲಕ ಬಂದು ಮೊದಲು ಗರ್ಭನಾಳಗಳಲ್ಲಿ ನೆಲೆಸುತ್ತದೆ. ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ (ಗರ್ಭಕೋಶ ಮತ್ತು ನಾಳಗಳಿಗೆ ಬಣ್ಣದ ದ್ರವ ಹಾಯಿಸಿ ತೆಗೆಯುವ ಚಿತ್ರ) ನಾಳವು ಪೋಣಿಸಿದ ಮಣಿಸರದಂತೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಕಿರಿದಾಗಿ ಕಾಣುವುದು ಇದರಿಂದಲೇ. ಔಷಧಿ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಗಾಯದ ಕಲೆಯನ್ನು ಅಳಿಸುವುದಿಲ್ಲ. ಹೀಗಾಗಿ ಎರಡೂ ನಾಳಗಳು ಮುಚ್ಚಿದ್ದರೆ ಐವಿಎಫ್ ದಾರಿಯೇ ಸರಿ. ನಾಳ ಬಿಡಿಸುವ ಶಸ್ತ್ರಚಿಕಿತ್ಸೆಗೆ ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ನಿಜವಾಗಿ ನಿರ್ಣಾಯಕವಾದದ್ದು ಗರ್ಭಕೋಶದ ಒಳಪದರ. ಮುಟ್ಟಿನ ಸ್ರಾವ ಮೊದಲಿಗಿಂತ ತೀರಾ ಕಡಿಮೆಯಾಗಿದ್ದರೆ ಗೋಡೆಗಳು ಪರಸ್ಪರ ಅಂಟಿಕೊಂಡಿರಬಹುದಾದ್ದರಿಂದ, ಐವಿಎಫ್‌ಗೆ ಮುಂಚೆ ಹಿಸ್ಟರೋಸ್ಕೋಪಿಯ (ಸಣ್ಣ ದುರ್ಬೀನಿನಿಂದ ಗರ್ಭಕೋಶದ ಒಳಗನ್ನು ನೋಡುವ ಪರೀಕ್ಷೆ) ಬಗ್ಗೆ ವೈದ್ಯರನ್ನು ಕೇಳಿ.

ಮಾತ್ರೆ ಮುಗಿಯುವವರೆಗೆ ಗರ್ಭಧಾರಣೆಯನ್ನು ಮುಂದೂಡಿ. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದಲ್ಲ, ಆ ಕ್ಷಯದ ಔಷಧಿ ರಿಫಾಂಪಿಸಿನ್, ಗರ್ಭನಿರೋಧಕ ಗುಳಿಗೆಗಳ ಶಕ್ತಿಯನ್ನು ಕುಗ್ಗಿಸುತ್ತದೆ; ಕಾಂಡೋಮ್ ಬಳಸುವುದು ಕ್ಷೇಮ. ಅಕಸ್ಮಾತ್ ಗರ್ಭ ನಿಂತರೂ ಕ್ಷಯದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಮುಂದೆ ಗರ್ಭ ನಿಂತಾಗ, ಐವಿಎಫ್‌ನಿಂದಲೇ ಆಗಿದ್ದರೂ, 6-7ನೇ ವಾರದಲ್ಲೇ ಸ್ಕ್ಯಾನ್ ಮಾಡಿಸಿ, ಏಕೆಂದರೆ ಹಾಳಾದ ನಾಳದಲ್ಲಿಯೇ ಭ್ರೂಣ ಬೆಳೆಯುವ ಅಪಾಯ ನಿಮಗೆ ಇತರರಿಗಿಂತ ಹೆಚ್ಚು. ಕಿಬ್ಬೊಟ್ಟೆಯ ಒಂದು ಬದಿ ನೋವು, ರಕ್ತಸ್ರಾವ ಅಥವಾ ತಲೆಸುತ್ತು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.